ಶಂಕ್ರಪ್ಪನ ತಿರುಪು

ಗುಲ್ಜಾರ್ ಬೇಗಂ ಸವಣೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ವಿಜ್ಞಾನ ಕಲಿಸಿದವರು. ಕಲಿಸಿದ್ದೆಲ್ಲ ಕನ್ನಡದಲ್ಲಿ. ಮನೆಯ ಮಾತು ಉರ್ದುವಾದರೂ ಆಮ್ಲಜನಕ, ಗಂಧಕ, ಪರಮಾಣು ತೂಕ ಇವೆಲ್ಲ ಅವರ ತಲೆಯಲ್ಲಿ ಕನ್ನಡದಲ್ಲೇ ಕೂತಿದ್ದವು. ಗಂಡ ತೀರಿಕೊಂಡ ಮೇಲೆ ಮಗ ಶಾದಾಬ್ ಅವರನ್ನು ಕಡಲಾಚೆಯ ಪಾಮರ್ಸ್ಟನ್ ನಾರ್ತ್ ಎಂಬ ಊರಿಗೆ ಕರೆಸಿಕೊಂಡ. ಅವನು ಟ್ರ್ಯಾಕ್ಟರ್ ಮಾರುವ ಕಂಪನಿಯೊಂದರಲ್ಲಿ ಮ್ಯಾನೇಜರ್. ಸೊಸೆ ನೌರೀನ್ ಬೆಳಿಗ್ಗೆ ಚಹಾ ಮಾಡಿದರೆ ಮೊದಲ ಕಪ್ಪು ಅತ್ತೆಗೇ. ಮೊಮ್ಮಗಳು ನಿಖತ್ ಶಾಲೆಯಿಂದ ಬಂದವಳೇ ದಾದೀ ಎನ್ನುತ್ತ ಅಜ್ಜಿಯ ಪಕ್ಕದಲ್ಲಿ ಬ್ಯಾಗು ಒಗೆದು ಕೂರುತ್ತಿದ್ದಳು. ಸಪಾಟಾದ ರಸ್ತೆಗಳ ಊರು, ನಡೆಯಲು ಸುಖ. ಒಂದೇ ಒಂದು ಕೊರತೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಬಾಯಿ ತೆರೆಯಲು ಯಾರೂ ಇರಲಿಲ್ಲ.

ರತ್ನವ್ವ ಸಿಕ್ಕಿದ್ದು ಸೂಪರ್‌ಮಾರ್ಕೆಟ್ಟಿನಲ್ಲಿ. ಈರುಳ್ಳಿ ಆರಿಸುತ್ತಿದ್ದ ಗುಲ್ಜಾರ್ ಬೇಗಂ ಅವರ ಬೆನ್ನ ಹಿಂದೆ ಯಾರೋ ಬೈಯುತ್ತಿದ್ದರು.

“ಇದರ ಗಾಲಿ ಮುರೀಲಿ! ನಾ ಎತ್ತಾಗ ನೂಕಿದ್ರ ಇದು ಎತ್ತಾಗ ಹೊಂಟೈತಿ ನೋಡು!”

ತಿರುಗಿ ನೋಡಿದರೆ ಹಣೆಯ ಮೇಲೆ ವಿಭೂತಿ, ಸೀರೆಯ ಮೇಲೆ ದಪ್ಪ ಜಾಕೆಟ್ಟು ಹಾಕಿದ ಹೆಂಗಸು ಟ್ರಾಲಿಯೊಂದಿಗೆ ಜಗಳಕ್ಕೆ ನಿಂತಿದ್ದರು.

“ಯಾವೂರ್ರಿ ನಿಮ್ದು?” ಎಂದರು ಗುಲ್ಜಾರ್ ಬೇಗಂ. ಅವರ ದನಿ ಅವರಿಗೇ ಹೊಸದಾಗಿ ಕೇಳಿಸಿತು.

“ರಾಣೆಬೆನ್ನೂರು! ನಿಮ್ದ್ರಿ?”

“ಸವಣೂರು.”

“ಅಯ್ಯ, ವೀಳ್ಯದೆಲಿ ಸವಣೂರೇನ್ರಿ! ಖಾರದ ಸವಣೂರೇನ್ರಿ!” ಎಂದು ರತ್ನವ್ವ ಟ್ರಾಲಿ ಬಿಟ್ಟು ಅವರ ಎರಡೂ ಕೈ ಹಿಡಿದುಕೊಂಡರು. ಟ್ರಾಲಿ ತನ್ನ ಪಾಡಿಗೆ ಹೋಗಿ ಬ್ರೆಡ್ಡಿನ ರ‍್ಯಾಕಿಗೆ ಗುದ್ದಿತು.

ರತ್ನವ್ವ ರಾಣೆಬೆನ್ನೂರಿನ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವ ಕೆಲಸ ಮಾಡಿ ನಿವೃತ್ತರಾದವರು. ಈಗ ಮಗಳು ವಚನಾಳ ಮನೆಯಲ್ಲಿದ್ದರು. ವಚನಾ ಹಾಲಿನ ಸಂಶೋಧನೆಯ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಅಂದಿನಿಂದ ಪ್ರತಿ ಗುರುವಾರ ಇಬ್ಬರೂ ಊರ ನಡುವಿನ ಸ್ಕ್ವೇರಿನಲ್ಲಿ, ಬಿಸಿಲು ಬೀಳುವ ಬೆಂಚಿನ ಮೇಲೆ ಕೂಡುವುದು ರೂಢಿಯಾಯಿತು. ರತ್ನವ್ವನ ಕೈಯಲ್ಲಿ ಸದಾ ಒಂದು ಕ್ರೋಶಾ ಕಡ್ಡಿ. ಮಾತಿಗೂ ಕೈಗೂ ಬಿಡುವಿರುತ್ತಿರಲಿಲ್ಲ.

ಒಂದು ಗುರುವಾರ ರತ್ನವ್ವ ಬಂದವರೇ, “ಟೀಚರ್, ನಿಮ್ಮ ಹೆಸರು ಕೊಟ್ಟು ಬಂದೀನಿ” ಎಂದರು.

“ಎಲ್ಲಿ?”

“ಲೈಬ್ರರಿಯಾಗ. ಸೈನ್ಸ್ ಶನಿವಾರ ಅಂತ ಮಾಡ್ತಾರಂತ. ಒಂದೊಂದು ಭಾಷಾಕ್ಕ ಒಂದೊಂದು ಟೇಬಲ್. ಸಮೋವಾದವ್ರು ಅದಾರ, ಚೀನಾದವ್ರು ಅದಾರ, ತಮಿಳ್ನವ್ರು ಅದಾರ. ಕನ್ನಡಕ್ಕ ಯಾರೂ ಇಲ್ಲ ಅಂತ ವಚನಾ ಅಂದ್ಲು. ನಾ ಸುಮ್ನ ಕೂಡ್ತೀನೇನು?”

“ನನ್ನ ಒಂದ್ ಮಾತು ಕೇಳಬಾರ್ದೇನ್ರಿ ಅಕ್ಕಾರ?”

“ಕೇಳಿದ್ರ ನೀವು ಒಲ್ಲೆ ಅಂತಿದ್ರಿ.”

ಅದು ನಿಜವೇ ಆಗಿತ್ತು. ಗುಲ್ಜಾರ್ ಬೇಗಂ ಮುಖ ಊದಿಸಿಕೊಂಡರು. ಆದರೆ ಒಳಗೆ ಆಗಲೇ ಯೋಚನೆ ಶುರುವಾಗಿತ್ತು. ಏನು ಹೇಳುವುದು? ಮನೆ ಮುಟ್ಟುವ ಹೊತ್ತಿಗೆ ಉತ್ತರ ಸಿಕ್ಕಿತ್ತು. ಧಾತುಗಳನ್ನು ಜೋಡಿಸಲು ಹೋಗಿ ಅರ್ಧಕ್ಕೆ ನಿಂತವರ ಕಥೆ. ಶಾಲೆಯಲ್ಲಿ ಆ ಪಾಠ ಅವರಿಗೆ ಬಹಳ ಇಷ್ಟ. ಆದರೆ ಪರೀಕ್ಷೆಗೆ ಬೀಳುವುದು ಮೆಂಡಲೀವನ ಕೋಷ್ಟಕ ಎಂದು ಉಳಿದವರನ್ನು ಎರಡು ಸಾಲಿನಲ್ಲಿ ಮುಗಿಸಿಬಿಡಬೇಕಾಗುತ್ತಿತ್ತು.

ಮುಂದಿನ ಗುರುವಾರ ಮೊದಲ ವಿದ್ಯಾರ್ಥಿನಿಯಾಗಿ ರತ್ನವ್ವ ಸಿಕ್ಕರು.

“ನಾ ಪಿಯುಸಿಯೊಳಗ ಆರ್ಟ್ಸ್ ತೊಗೊಂಡಾಕಿ. ಕೆಮಿಸ್ಟ್ರಿ ಅಂದ್ರ ಓಡಿ ಹೋಗಿದ್ದೆ” ಎಂದು ಮೊದಲೇ ಹೇಳಿದರು.

“ಓಡೂದು ಬ್ಯಾಡ, ಕೂತು ಕೇಳ್ರಿ. ನೂರೈವತ್ತು ಇನ್ನೂರು ವರ್ಷದ ಹಿಂದ ಐವತ್ತೋ ಅರವತ್ತೋ ಧಾತುಗಳು ಗೊತ್ತಿದ್ದವು. ಒಂದೊಂದರ ಪರಮಾಣು ತೂಕ ಗೊತ್ತಿತ್ತು. ಆದ್ರ ಯಾವುದನ್ನ ಯಾವುದರ ಪಕ್ಕ ಇಡಬೇಕು ಅನ್ನೂದು ಗೊತ್ತಿರ್ಲಿಲ್ಲ. ಜರ್ಮನಿಯ ಡೋಬರೈನರ್ ಅನ್ನಾಂವ ಮೂರು ಮೂರು ಗುಂಪು ಮಾಡಿದ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ. ಮೂರೂ ಚಾಕುವಿನಿಂದ ಕತ್ತರಿಸೋವಷ್ಟು ಮೆತ್ತಗ, ಮೂರೂ ನೀರಿಗೆ ಬಿದ್ರ ಕುಣೀತಾವ. ತೂಕ ಏಳು, ಇಪ್ಪತ್ಮೂರು, ಮೂವತ್ತೊಂಬತ್ತು. ನಡುವಿನದು ಬರೋಬ್ಬರಿ ಮಧ್ಯಕ್ಕ.”

“ಮೂರ ಗುಂಪಾಗಿ ಎಲ್ಲಾ ಹೊಂದಿದ್ವೇನು?”

“ಇಲ್ಲ. ಭಾಳ ಉಳದ್ವು. ಆಮ್ಯಾಲ ಲಂಡನ್ನಿನ ನ್ಯೂಲ್ಯಾಂಡ್ಸ್ ಬಂದ. ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದ್ರ ಎಂಟನೇದಕ್ಕ ಮೊದಲನೇದರ ಗುಣ ತಿರುಗಿ ಬರ್ತೈತಿ ಅಂದ. ನಮ್ಮ ಸರಿಗಮದಾಗ ಏಳು ಸ್ವರ ಆದ ಮ್ಯಾಲ ಮತ್ತ ಸ ಬರೂದಿಲ್ಲೇನು, ಹಂಗ. ಅವನು ಅದನ್ನ ದೊಡ್ಡ ದೊಡ್ಡ ವಿಜ್ಞಾನಿಗಳ ಸಭಾದಾಗ ಓದಿದ. ಒಬ್ಬರು ಎದ್ದು, ‘ಅಕ್ಷರಮಾಲಾ ಪ್ರಕಾರ ಜೋಡಿಸಿ ನೋಡೀರೇನು?’ ಅಂತ ಚ್ಯಾಷ್ಟಿ ಮಾಡಿದ್ರು.”

“ಅಯ್ಯ ಪಾಪ! ಮಂದ್ಯಾಗ?”

“ಮಂದ್ಯಾಗ. ಆದ್ರ ಅವನು ಪುಣ್ಯವಂತ, ಬದುಕಿರೂವಾಗ ಪದಕ ಸಿಕ್ಕಿತು. ಫ್ರಾನ್ಸಿನಾಂವ ಒಬ್ಬ ಇದ್ದ ನೋಡ್ರಿ, ಇವನಿಗಿಂತ ಮೊದ್ಲ. ಕಲ್ಲು ಮಣ್ಣು ಅಭ್ಯಾಸ ಮಾಡಾಂವ. ಡ ಶಾಂಕೂರ್ತುವಾ ಅಂತ ಹೆಸರು.”

“ಏನಂದ್ರಿ?”

“ಶಾಂಕೂರ್ತುವಾ.”

“ಶಂಕ್ರಪ್ಪ” ಎಂದರು ರತ್ನವ್ವ. “ಹೇಳ್ರಿ, ಶಂಕ್ರಪ್ಪ ಏನ್ ಮಾಡಿದ?”

ಗುಲ್ಜಾರ್ ಬೇಗಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಶಂಕ್ರಪ್ಪ ಒಂದು ಉರುಟು ಕೊಳವೆಯ ಸುತ್ತ ಹದಿನಾರು ಭಾಗ ಮಾಡಿ, ತಿರುಪಿನ ಹಾಗೆ ಸುತ್ತಿಕೊಂಡು ಇಳಿಯುವ ಗೆರೆ ಎಳೆದ. ಆ ಗೆರೆಯ ಮೇಲೆ ಧಾತುಗಳನ್ನು ತೂಕದ ಪ್ರಕಾರ ಕೂರಿಸಿದ. ಒಂದು ಸುತ್ತು ಮುಗಿದು ಗೆರೆ ಕೆಳಗೆ ಬಂದಾಗ ಒಂದೇ ಸ್ವಭಾವದವು ಒಂದರ ಕೆಳಗೆ ಒಂದು ಬಂದು ನಿಂತವು. ಆದರೆ ಅವನ ಬರಹ ಅಚ್ಚಾದಾಗ ಚಿತ್ರವನ್ನೇ ಬಿಟ್ಟುಬಿಟ್ಟರು. ಚಿತ್ರವಿಲ್ಲದೆ ಅದು ಯಾರಿಗೂ ತಿಳಿಯಲಿಲ್ಲ.

“ಅದಕ್ಕ ನನಗ ಅದನ್ನ ಕೈಯಾಗ ಹಿಡದು ತೋರಿಸೂ ಹಂಗ ಮಾಡಬೇಕು ಅಂತ ಆಸೆ” ಎಂದರು ಗುಲ್ಜಾರ್ ಬೇಗಂ.

ಆಸೆ ಸುಲಭ, ಕೆಲಸ ಕಷ್ಟ. ಅಡುಗೆಮನೆಯ ಪೇಪರ್ ಟವೆಲ್ಲಿನ ಕೊಳವೆಗೆ ಬಿಳಿ ಕಾಗದ ಸುತ್ತಿ, ನಿಖತಳ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದರು. ಸುತ್ತು ಮುಗಿಯುವಲ್ಲಿ ಗೆರೆ ಒಂದು ಬೆರಳು ಕೆಳಗೆ ಹೋಗಿ ನಿಂತಿತು. ಇನ್ನೊಂದು ಕಾಗದ ಸುತ್ತಿದರು. ಈ ಸಲ ಬೆರಳು ಮೇಲೆ. ಊಟದ ಮೇಜೆಲ್ಲ ಅಂಟುಪಟ್ಟಿ. ಶಾದಾಬ್ ಕೆಲಸದಿಂದ ಬಂದವನು ನೋಡಿ, “ಅಮ್ಮೀ, ಯಾಕಿಷ್ಟು ತೊಂದರೆ? ನೆಟ್‌ನಲ್ಲಿ ಒಳ್ಳೆಯ ಚಿತ್ರ ಸಿಗುತ್ತೆ. ಆಫೀಸಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರ್ತೀನಿ” ಎಂದ ಉರ್ದುವಿನಲ್ಲಿ.

“ಗೋಡೆಗೆ ಅಂಟಿಸಿದ ಚಿತ್ರದ ಬೆನ್ನು ಕಾಣಿಸುತ್ತದೇನಪ್ಪ?” ಎಂದರು ತಾಯಿ. ಅವನಿಗೆ ಅರ್ಥವಾಗಲಿಲ್ಲ. ಅವನು ಅವರ ಹಣೆಗೊಂದು ಮುತ್ತಿಟ್ಟು ಕೈಕಾಲು ತೊಳೆಯಲು ಹೋದ.

ಗುರುವಾರ ರತ್ನವ್ವ ಮೊಮ್ಮಗನಿಗೆ ಟೊಪ್ಪಿಗೆ ಹೆಣೆಯುತ್ತಿದ್ದರು. ಗುಲ್ಜಾರ್ ಬೇಗಂ ತಮ್ಮ ಕೊಳವೆಯ ಗೋಳು ಹೇಳುತ್ತ, ಹೇಳುತ್ತ, ಆ ಟೊಪ್ಪಿಗೆಯನ್ನೇ ನೋಡತೊಡಗಿದರು.

“ಅಕ್ಕಾರ, ಈ ಸಾಲು ಎಲ್ಲಿ ಮುಗೀತೈತಿ?”

“ಮುಗಿಯೂದಿಲ್ಲ. ಉಂಗುರ ಹಾಕಿ ಶುರು ಮಾಡಿದ್ರ ಆತು, ತಿರುಗತಾ ತಿರುಗತಾ ಏರತೈತಿ. ಎಲ್ಲೂ ಜೋಡಿಸೂದು ಇಲ್ಲ.”

“ಹದಿನಾರು ಕುಣಿಕಿ ಹಾಕಿ ಒಂದು ಸುತ್ತು ಮಾಡಾಕ ಬರ್ತೈತೇನು?”

ರತ್ನವ್ವನ ಕೈ ನಿಂತಿತು. ಅದು ಅಪರೂಪ. “ಶಂಕ್ರಪ್ಪಂದಾ?” ಎಂದರು.

ಆವತ್ತೇ ಎದ್ದು, ಹಳೆಯ ಸಾಮಾನು ಮಾರುವ ಆಪ್ ಶಾಪಿಗೆ ಹೋಗಿ ದಪ್ಪ ಉಣ್ಣೆಯ ಉಂಡೆಗಳನ್ನು ಕೊಂಡರು. ಒಂದು ಕುಣಿಕೆ ಎಂದರೆ ಪರಮಾಣು ತೂಕದಲ್ಲಿ ಒಂದು. ಧಾತುವಿಲ್ಲದ ಕಡೆ ಕುರಿಯ ಮೈ ಬಣ್ಣದ ಬಿಳಿ ಉಣ್ಣೆ. ಧಾತು ಬಂದಾಗ ಅದರ ಮನೆತನದ ಬಣ್ಣ. ಲಿಥಿಯಂ ಮನೆತನಕ್ಕೆ ಅರಿಶಿನ, ಆಮ್ಲಜನಕದ ಮನೆತನಕ್ಕೆ ಕೆಂಪು. ಗುಲ್ಜಾರ್ ಬೇಗಂ ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು, ರತ್ನವ್ವ ಹೆಣೆಯುತ್ತಿದ್ದರು. ಏಳಕ್ಕೆ ಹಳದಿ. ಹದಿನಾರಕ್ಕೆ ಆಮ್ಲಜನಕ, ಕೆಂಪು. ಇಪ್ಪತ್ಮೂರಕ್ಕೆ ಸೋಡಿಯಂ ಬಂದಾಗ ರತ್ನವ್ವ ಬೆರಳಿಟ್ಟು ನೋಡಿದರು. ಹಳದಿ ಕುಣಿಕೆ ಹಳದಿಯ ನೆತ್ತಿಯ ಮೇಲೇ ಕೂತಿತ್ತು. ಮೂವತ್ತೆರಡಕ್ಕೆ ಗಂಧಕ ಆಮ್ಲಜನಕದ ನೆತ್ತಿಯ ಮೇಲೆ.

“ಏ, ಇದು ತಾನ ಬಂದು ಕೂಡತೈತಲ್ರಿ!” ಎಂದು ರತ್ನವ್ವ ಬೆಂಚಿನ ಮೇಲೆ ಸಣ್ಣ ಹುಡುಗಿಯಂತೆ ಕುಪ್ಪಳಿಸಿದರು. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದರೂ ಗುಲ್ಜಾರ್ ಬೇಗಂ ಅವರಿಗೂ ಮೈ ಜುಮ್ಮೆಂದಿತು.

ತೊಡಕು ಇಲ್ಲದಿರಲಿಲ್ಲ. ಸುತ್ತಿಕೊಂಡು ಏರುವ ಹೆಣಿಗೆಯ ಸ್ವಭಾವವೇ ವಾಲುವುದು. ಹಳದಿ ಸಾಲು ಗಾಳಿಗೆ ಬಾಗಿದ ಗಿಡದಂತೆ ಓರೆಯಾಗಿ ನಿಂತಿತು. ಕೊನೆಗೆ ಪ್ರತಿ ಮನೆತನದ ಸಾಲಿನ ಉದ್ದಕ್ಕೂ ಒಂದು ಕಪ್ಪು ದಾರ ಹೊಲಿಯುವುದೆಂದಾಯಿತು. ದಾರ ಹಿಡಿದು ಬೆರಳು ಓಡಿಸಿದರೆ ದಾರಿ ತಪ್ಪುವುದಿಲ್ಲ.

ನಿಜವಾದ ಜಗಳ ಮ್ಯಾಂಗನೀಸಿನಿಂದ ಬಂತು. ಅದರ ತೂಕ ಐವತ್ತೈದು. ಪೊಟ್ಯಾಸಿಯಮ್ಮಿಗಿಂತ ಸರಿಯಾಗಿ ಹದಿನಾರು ಹೆಚ್ಚು. ಹಾಗಾಗಿ ಅದು ಹಳದಿ ಸಾಲಿಗೇ ಬಂದು ಬೀಳುತ್ತದೆ. ಆದರೆ ಅದು ಆ ಮನೆತನದ್ದಲ್ಲ, ನೀರಿಗೆ ಹಾಕಿದರೆ ಕುಣಿಯುವುದಿಲ್ಲ. ಅದಕ್ಕೆ ಗುಲ್ಜಾರ್ ಬೇಗಂ ನೇರಳೆ ಬಣ್ಣ ಹೇಳಿದ್ದರು. ಮನೆಯಲ್ಲಿ ಕೂತು ಹೆಣೆದು ತಂದ ರತ್ನವ್ವನ ಕೊಳವೆಯಲ್ಲಿ ಆ ಜಾಗ ಬಿಳಿಯಾಗಿತ್ತು.

“ಐವತ್ತೈದು ಎಲ್ಲಿ?”

“ಬಿಟ್ಟೀನಿ. ಹಾಕಿ ನೋಡ್ದೆ. ಹಳದಿ ಸಾಲಿನ ತಲಿ ಮ್ಯಾಲ ನೇರಳಿ ಕೂತು ಎಲ್ಲಾ ಕೆಡಸ್ತು. ಬಿಚ್ಚಿಬಿಟ್ಟೆ.”

“ಹಂಗ ಬಿಡಾಕ ಬರೂದಿಲ್ಲ ಅಕ್ಕಾರ. ಅವನ ಜೋಡಣೆಯೊಳಗ ಅದು ಅಲ್ಲೇ ಬಿದ್ದಿತ್ತು.”

“ತಪ್ಪು ಬಿದ್ದಿತ್ತಲ್ಲ? ತಪ್ಪು ಯಾಕ ತೋರಿಸ್ಬೇಕು? ಮಂದಿ ಬಂದು ನೋಡಿದ್ರ ಚಂದ ಕಾಣ್ಬೇಕು.”

“ಚಂದ ಕಾಣಾಕ ಇದು ಬಾಗಿಲ ತೋರಣ ಅಲ್ಲ, ವಿಜ್ಞಾನ!”

ಮಾತು ಹೊರಬಿದ್ದ ಕೂಡಲೇ ಗುಲ್ಜಾರ್ ಬೇಗಂ ಅವರಿಗೆ ತಮ್ಮ ದನಿ ತರಗತಿಯ ದನಿಯಾಗಿತ್ತೆಂದು ತಿಳಿಯಿತು. ರತ್ನವ್ವ ಎದ್ದರು. ಉಣ್ಣೆ, ಕಡ್ಡಿ, ಕೊಳವೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.

ಮುಂದಿನ ಗುರುವಾರ ಬೆಂಚು ಖಾಲಿ. ಗುಲ್ಜಾರ್ ಬೇಗಂ ಬಹಳ ಹೊತ್ತು ಕೂತರು. ಪಾರಿವಾಳಗಳು ಬಂದವು, ಹೋದವು. ಸೈಕಲ್ ಮೇಲೆ ಹೋದ ವಿದ್ಯಾರ್ಥಿಗಳು ಕೈಬೀಸಿದರು. ತೋರಣ ಎಂದದ್ದು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಮನೆಗೆ ಹೋಗಿ ಕಡಲೆಹಿಟ್ಟು ಕಲಸಿ ಸವಣೂರಿನ ಖಾರ ಕರಿದರು. ಮರುದಿನ ಡಬ್ಬಿ ಹಿಡಿದು, ಟೋಪಿ ಹಾರಿಸುವ ಗಾಳಿಯಲ್ಲಿ ವಚನಾಳ ಮನೆಗೆ ನಡೆದೇ ಹೋದರು.

ಬಾಗಿಲು ತೆರೆದ ರತ್ನವ್ವನ ಕೊರಳಲ್ಲಿ ನೇರಳೆ ಉಣ್ಣೆಯ ಎಳೆ ನೇತಾಡುತ್ತಿತ್ತು. ಮೇಜಿನ ಮೇಲೆ ಕೊಳವೆ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು.

“ತೋರಣ ಅಂದದ್ದು ತಪ್ಪಾತು ಅಕ್ಕಾರ” ಎಂದರು ಗುಲ್ಜಾರ್ ಬೇಗಂ, ಹೊಸ್ತಿಲಲ್ಲೇ ನಿಂತು.

“ತೋರಣ ಅಂದ್ರ ಕೀಳೇನ್ರಿ? ಒಂದ್ ಹೆಣದು ತೋರಿಸ್ರಿ, ಆಮ್ಯಾಲ ಮಾತಾಡೂಣು. ಒಳಗ ಬರ್ರಿ, ಗಾಳಿ ಹೊಕ್ಕತೈತಿ.” ಡಬ್ಬಿ ತೆರೆದು ಒಂದು ಎಳೆ ಖಾರ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ನಿಧಾನಕ್ಕೆ ಹೇಳಿದರು. “ಆವತ್ತಿಂದ ವಿಚಾರ ಮಾಡ್ದೆ. ನಮ್ಮ ಆಫೀಸಿನ್ಯಾಗ ತಪ್ಪು ಖಾನೆಗೆ ಬಿದ್ದ ಟಪಾಲು ಒಗದುಬಿಡ್ತಿದ್ವೇನು? ಇಲ್ಲ. ಗುರುತು ಹಾಕಿ ತಿರುಗಿ ಕಳಸ್ತಿದ್ವಿ. ತಪ್ಪು ಬಿದ್ದೈತಿ ಅಂತ ಗೊತ್ತಾದ್ರ ತಾನ ಅದರ ಮನಿ ಹುಡಕೂದು? ಇದನ್ನ ಮುಚ್ಚಿಟ್ರ ಮುಂದಿನಾಂವ ಹೆಂಗ ಹುಡುಕ್ಯಾನು?”

“ಅದನ್ನ ನಾ ಇಷ್ಟು ಚಂದ ಹೇಳಾಕ ಬರೂದಿಲ್ಲ” ಎಂದರು ಗುಲ್ಜಾರ್ ಬೇಗಂ. ಮನಸ್ಸಿನಿಂದಲೇ ಹೇಳಿದರು.

“ಆದ್ರ ನೇರಳಿ ನನಗ ಚಂದ ಕಾಣೂದಿಲ್ಲ, ಅಷ್ಟ ಮತ್ತ.”

“ಬ್ಯಾಡ. ಚಂದ ಕಾಣಬೇಕಂತಿಲ್ಲ.”

ಸಂಜೆಯ ಹೊತ್ತಿಗೆ ಮ್ಯಾಂಗನೀಸು ತನ್ನ ತಪ್ಪು ಜಾಗದಲ್ಲಿ ಕೂತಿತು. ಅದಕ್ಕೂ ಮುಂಚೆ, ಬಿಚ್ಚಿದ್ದನ್ನು ಮತ್ತೆ ಹೆಣೆಯುವಾಗ, ನಲವತ್ತೆಂಟಕ್ಕೆ ಕೆಂಪು ಸಾಲಿನಲ್ಲಿ ಗಂಧಕದ ನೆತ್ತಿಯ ಮೇಲೆ ಟೈಟೇನಿಯಂ ಕೂಡ ಹಾಗೆಯೇ ಬಂದು ಬಿದ್ದಾಗ ರತ್ನವ್ವ, “ಇನ್ನೊಬ್ಬ ಬಂದ” ಎಂದು ತಾವೇ ಬೂದಿ ಬಣ್ಣ ಆರಿಸಿದ್ದರು. ಎಂಟನೆಯ ಸುತ್ತಿನ ಕೊನೆಯ ಕುಣಿಕೆಗೆ ಟೆಲ್ಯೂರಿಯಂ. ಕೆಂಪು.

ಶನಿವಾರ ಲೈಬ್ರರಿಯ ಒಳಗೆಲ್ಲ ಮಕ್ಕಳ ಗದ್ದಲ. ಕನ್ನಡದ ಟೇಬಲ್ಲು ಮೂಲೆಯಲ್ಲಿತ್ತು. ತಮಿಳಿನವರು ಬಲೂನು ರಾಕೆಟ್ಟು ಹಾರಿಸುತ್ತಿದ್ದರು, ಜನರೆಲ್ಲ ಅಲ್ಲಿ. ಇವರ ಟೇಬಲ್ಲಿನ ಮೇಲೆ ಉಣ್ಣೆಯ ಕೊಳವೆಯೊಂದೇ. ಒಬ್ಬ ಮುದುಕರು ಬಂದು ಇದು ಟೀ ಪಾಟನ್ನು ಬೆಚ್ಚಗಿಡುವ ಟೊಪ್ಪಿಗೆಯೇ ಎಂದು ಕೇಳಿದರು. ಗುಲ್ಜಾರ್ ಬೇಗಂ ಇಂಗ್ಲಿಷಿನಲ್ಲಿ ವಿವರಿಸಲು ಹೋದರು. ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಎರಡನೆಯದರಲ್ಲೇ ತಡವರಿಸಿದರು. ಮುದುಕರು ಮರ್ಯಾದೆಯಿಂದ ತಲೆಯಾಡಿಸಿ ರಾಕೆಟ್ಟಿನ ಕಡೆ ಹೋದರು.

ಪಕ್ಕದಲ್ಲಿ ನಿಂತಿದ್ದ ವಚನಾ ಮೆಲ್ಲಗೆ, “ಆಂಟಿ, ನೀವ್ಯಾಕ ಇಂಗ್ಲಿಷ್ ಮಾತಾಡ್ತೀರಿ? ಇದು ಕನ್ನಡದ ಟೇಬಲ್. ನೀವು ಕನ್ನಡದಾಗ ಹೇಳ್ರಿ, ನಾ ಹಿಂದಿಂದ ಇಂಗ್ಲಿಷ್ ಮಾಡ್ತೀನಿ” ಎಂದಳು.

ಅಷ್ಟರಲ್ಲಿ ಕನ್ನಡದ ಮನೆಗಳ ಮೂರ್ನಾಲ್ಕು ಮಕ್ಕಳು ಬಂದು ನಿಂತಿದ್ದರು. ಜೊತೆಗೆ ಒಬ್ಬ ಸಮೋವಾದ ಹುಡುಗಿ. ಗುಲ್ಜಾರ್ ಬೇಗಂ ಸೆರಗು ಸರಿಮಾಡಿಕೊಂಡು, ಕೊಳವೆಯನ್ನು ಎತ್ತಿ ಹಿಡಿದು, “ಮಕ್ಕಳೇ” ಎಂದರು.

ಆ ಒಂದು ಪದದೊಂದಿಗೆ ಎಲ್ಲವೂ ಬದಲಾಯಿತು. ಅವರ ಬೆನ್ನು ನೆಟ್ಟಗಾಯಿತು. ಸೋಡಿಯಂ ತುಂಡನ್ನು ಸೀಮೆಎಣ್ಣೆಯಿಂದ ಎತ್ತಿ ನೀರಿನ ಬೋಗುಣಿಗೆ ಹಾಕಿದಾಗ ಅದು ಸುಯ್ ಎಂದು ಓಡಾಡಿದ್ದು, ಹುಡುಗಿಯರು ಚೀರಿ ಬೆಂಚು ಹತ್ತಿದ್ದು ಹೇಳಿದರು. ಅಕ್ಷರಮಾಲೆಯ ಪ್ರಶ್ನೆ ಕೇಳಿ ನಕ್ಕವರ ಸಭೆಯನ್ನು ಹೇಳಿದರು. ಚಿತ್ರವಿಲ್ಲದೆ ಅಚ್ಚಾದ ಬರಹವನ್ನು ಹೇಳಿದರು. ವಚನಾ ಇಂಗ್ಲಿಷಿಗೆ ತಿರುಗಿಸುವ ಮೊದಲೇ ಮಕ್ಕಳ ಕಣ್ಣು ಅರಳುತ್ತಿದ್ದವು. ಕೊಳವೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಕಪ್ಪು ದಾರದ ಮೇಲೆ ಬೆರಳು ಏರಿಸಿ, “ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ” ಎಂದರು. ಸಮೋವಾದ ಹುಡುಗಿಯ ಬೆರಳು ನೇರಳೆಯ ಮೇಲೆ ನಿಂತಿತು. ಇದು ಇಲ್ಲಿ ಯಾಕಿದೆ ಎಂದು ಕೇಳಿದಳು.

ಗುಲ್ಜಾರ್ ಬೇಗಂ ಬಾಯಿ ತೆರೆಯುವ ಮೊದಲೇ ರತ್ನವ್ವ ಮುಂದೆ ಬಂದರು. “ಅಂವ ತಮ್ಮವರ ಮದುವಿ ಅಂತ ತಿಳದು ಬ್ಯಾರೆದವ್ರ ಮದುವಿ ಮನಿಯಾಗ ಉಣ್ಣಾಕ ಕೂತಾನ. ಯಾರೂ ಎಬ್ಬಸಂಗಿಲ್ಲ, ಎಬ್ಬಸ್ದಂಗೂ ಇರಾಕಾಗಂಗಿಲ್ಲ!”

ವಚನಾ ಅದನ್ನು ಹೇಗೋ ಇಂಗ್ಲಿಷಿಗೆ ತಂದಳು. ಹುಡುಗಿ ನಗುತ್ತ, ಹಾಗಾದರೆ ಅವನ ಸರಿಯಾದ ಮನೆ ಯಾವುದು ಎಂದು ಕೇಳಿದಳು. ಗುಲ್ಜಾರ್ ಬೇಗಂ ಅವಳನ್ನೇ ನೋಡಿದರು. “ಇದನ್ನೇ ಕೇಳಬೇಕಾಗಿತ್ತಮ್ಮ. ಈ ಪ್ರಶ್ನೆ ಕೇಳಿದವರೇ ಮುಂದಿನ ಕೋಷ್ಟಕ ಮಾಡಿದರು” ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ, ಆ ಹುಡುಗಿಯ ಬೆನ್ನು ತಟ್ಟಿದರು. ಆಮೇಲೆ ಗೋಡೆಯ ಮೇಲೆ ಲೈಬ್ರರಿಯವರು ತೂಗುಹಾಕಿದ್ದ ಈಗಿನ ಕೋಷ್ಟಕದ ಹತ್ತಿರ ಎಲ್ಲರನ್ನೂ ಕರೆದೊಯ್ದು, ಮ್ಯಾಂಗನೀಸು ಕಬ್ಬಿಣದ ಪಕ್ಕದಲ್ಲಿ ಆರಾಮಾಗಿ ಕೂತದ್ದನ್ನು ತೋರಿಸಿದರು.

ಜನರ ಹಿಂದೆ ಶಾದಾಬ್ ನಿಂತಿದ್ದ. ತಾಯಿಯನ್ನು ಮನೆಗೆ ಕರೆದೊಯ್ಯಲು ಬಂದವನು ಕಾರಿನ ಕೀಲಿ ಕೈಯಲ್ಲೇ ಹಿಡಿದು ಅಲ್ಲೇ ಉಳಿದಿದ್ದ. ಅವನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಗಂಡುಮಕ್ಕಳ ಶಾಲೆಯಲ್ಲಿ. ಇಷ್ಟು ವರ್ಷ ತಾಯಿಯ ಕೈಯ ರೊಟ್ಟಿ ತಿಂದವನು ಅವರ ಪಾಠವನ್ನು ಒಂದು ಸಲವೂ ಕೇಳಿರಲಿಲ್ಲ.

ಜನ ಕರಗಿದ ಮೇಲೆ ಹತ್ತಿರ ಬಂದು ಕನ್ನಡದಲ್ಲಿಯೇ ಕೇಳಿದ. “ಅಮ್ಮೀ, ಗಂಧಕ ಅಂದ್ರೆ ಸಲ್ಫರಾ?”

“ಹೌದಪ್ಪ.”

“ಚೆನ್ನಾಗಿದೆ ಹೆಸರು.” ಆಮೇಲೆ, “ನೀವು ಪಾಠ ಮಾಡುವಾಗ ಬೇರೆ ಯಾರೋ ಥರ ಕಾಣ್ತೀರಿ” ಎಂದ. ತಾಯಿಯ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡ. ಗುಲ್ಜಾರ್ ಬೇಗಂ ಅವರಿಗೆ ಅಷ್ಟೇ ಸಾಕಾಗಿತ್ತು.

ಲೈಬ್ರರಿಯ ಮೇಲ್ವಿಚಾರಕಿ ಬಂದು ಕೊಳವೆಯನ್ನು ಒಂದು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ವಿಚಾರಿಸಿದರು. ವಚನಾ ತಿಳಿಸಿದಾಗ ರತ್ನವ್ವ ಕೈಯಾಡಿಸಿದರು.

“ಗಾಜಿನಾಗ ಬ್ಯಾಡ. ಹುಡುಗರ ಕೈಗೆ ಸಿಗೂ ಹಂಗ ಇಟ್ರ ಕೊಡ್ತೀವಿ. ಹರದ್ರ ಹರೀಲಿ, ಇನ್ನೊಂದ್ ಹೆಣೀತೀನಿ.”

ಮೇಲ್ವಿಚಾರಕಿ ಒಪ್ಪಿದರು. ಅದಲ್ಲದೆ ಆ ಮಕ್ಕಳ ತಾಯಂದಿರಲ್ಲಿ ಇಬ್ಬರು ಬಂದು, ತಿಂಗಳಿಗೊಂದು ಶನಿವಾರ ಹೀಗೆ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡುತ್ತೀರಾ ಎಂದು ಕೇಳಿದರು. ಗುಲ್ಜಾರ್ ಬೇಗಂ ಯೋಚಿಸಲೂ ಇಲ್ಲ, ಆಗಲಿ ಎಂದುಬಿಟ್ಟರು. ಈಗ ಆ ಶನಿವಾರಗಳಿಗೆ ನಿಖತಳೂ ಬರುತ್ತಾಳೆ. ಅವಳಿಗೆ ಕನ್ನಡ ಬರುವುದಿಲ್ಲ, ಆದರೆ ನೀರು, ಉಪ್ಪು, ಗಾಳಿ ಎಂಬ ಪದಗಳು ಆಗಲೇ ಬಂದಿವೆ.

ಆವತ್ತು ಲೈಬ್ರರಿಯಿಂದ ಹೊರಟ ಮೇಲೆ ಶಾದಾಬ್ ಎಲ್ಲರನ್ನೂ ನದಿಯ ದಂಡೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಆಗಷ್ಟೇ ಕರಿದ ಆಲೂಗಡ್ಡೆಯ ಬಿಸಿ ಚಿಪ್ಸಿನ ದೊಡ್ಡ ಪೊಟ್ಟಣ ಕೊಂಡ. ಹುಲ್ಲಿನ ಮೇಲೆ ಪೊಟ್ಟಣ ಬಿಚ್ಚಿ ಎಲ್ಲರೂ ಸುತ್ತ ಕೂತರು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಬಿಳಿಯಾಗಿ ತಿರುಗುತ್ತಿದ್ದವು. ರತ್ನವ್ವ ಚಿಪ್ಸಿನ ಮೇಲೆ ಚೀಲದಿಂದ ಖಾರದ ಪುಡಿ ತೆಗೆದು ಉದುರಿಸಿದರು.

“ಟೀಚರ್, ಮುಂದಿನ ಸಲ ಏನು?” ಎಂದರು.

“ನೀವ ಹೇಳ್ರಿ ಅಕ್ಕಾರ.”

“ಮೊದ್ಲ ತಿನ್ರಿ, ಆರ್ತಾವ” ಎಂದು ರತ್ನವ್ವ ಪೊಟ್ಟಣವನ್ನು ಅವರ ಕಡೆ ಸರಿಸಿದರು. ಸೀಗಲ್ ಹಕ್ಕಿಗಳು ಒಂದೊಂದಾಗಿ ಹತ್ತಿರ ಬರತೊಡಗಿದವು.